ಅಪ್‌ಡೇಟ್: ತುಮಕೂರಿನಿಂದ ಬಾಳೆಹೊನ್ನೂರಿಗೆ ಸ್ವಂತ ವಾಹನವಿಲ್ಲದೆ

ವಯಸ್ಸಾದ ತಾಯಿಯವರೊಡನೆ ತುಮಕೂರಿನಿಂದ ಬಾಳೆಹೊನ್ನೂರಿನ ಬಳಿಯ ಬಂಧುಗಳ ಕಾಫಿ ತೋಟಕ್ಕೆ ಬಸ್ಸು, ರೈಲುಗಳಲ್ಲೇ ಹೋಗುವುದು ಸಾಧ್ಯವೇ ಎಂದು ಹಿಂದೆ ಕೇಳಿದ್ದೆ. ಡಿಸೆಂಬರ್‌ನಲ್ಲಿ ಹೋಗಿ ಬಂದೆವು.

ಹಲವರು ಸೂಚಿಸಿದಂತೆ ತಿಪಟೂರು, ಅರಸೀಕೆರೆ ಮಾರ್ಗವಾಗಿ ಕಡೂರಿನವರೆಗೆ ರೈಲಿನಲ್ಲಿ ಹೋದೆವು. ಕಡೂರಿನಿಂದ ಚಿಕ್ಕಮಗಳೂರಿಗೆ 2013ರಿಂದ ರೈಲು ಮಾರ್ಗವಿದ್ದರೂ ಓಡುವ ಗಾಡಿಗಳು ಕಡಿಮೆ. ಹೀಗಾಗಿ ಸಖರಾಯಪಟ್ಟಣದ ಮೇಲೆ ಹೋಗುವ ಬಸ್ಸು ಹಿಡಿದು ಸುಮಾರು 40 ಕಿಲೋಮೀಟರ್ ಕ್ರಮಿಸಿದ್ದೇ ಸರಿಯಾಯಿತು. ತಾಯಿಯವರಿಗೆ ಈ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ಸಿಕ್ಕಿತು.

ತೊಂದರೆಯಾದದ್ದು ಚಿಕ್ಕಮಗಳೂರಿನಿಂದ ಮುಂದೆ. ಆಲ್ದೂರು ಮಾರ್ಗದ ಖಾಸಗಿ ಬಸ್ಸೊಂದರ ಸಮಯವನ್ನು ಫೋನಿನಲ್ಲಿ ತಪ್ಪಾಗಿ ತಿಳಿಸಿದ್ದರಿಂದ ಒಂದೂವರೆ ಗಂಟೆ ನಿಲ್ದಾಣದಲ್ಲೇ ಕಾಯಬೇಕಾಯಿತು. ಖಾಸಗಿ ಬಸ್ಸುಗಳಿಗೆ ಶಕ್ತಿ ಯೋಜನೆ ಅನ್ವಯಿಸದ ಕಾರಣ ಇಬ್ಬರಿಗೂ ಟಿಕೆಟ್ ಪಡೆದೆವು. ಮಲೆನಾಡಿನ ತಿರುವುಗಳಲ್ಲಿ ವಾಂತಿಯಾಗದಂತೆ ಮುಂದಿನ ಸೀಟು ಹಿಡಿಯಿರಿ ಎಂಬ ಸಲಹೆ ಮಾತ್ರ ಚಿನ್ನದಂಥದ್ದು.

ಕಾಲದ ಆಯ್ಕೆಯ ಬಗ್ಗೆಯೂ ಹೇಳಬೇಕು. ಅದು ಅರೇಬಿಕಾ ಜಾತಿಯ ಕಾಫಿಯ ಕೊಯ್ಲಿನ ಸಮಯವಾದ್ದರಿಂದ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳ ಕೆಳಗೆ ಕೆಂಪು ಹಣ್ಣು ಬಿಡಿಸುವುದನ್ನೂ, ಪಲ್ಪರ್‌ನಲ್ಲಿ ಸಿಪ್ಪೆ ತೆಗೆದ ಬೀಜವನ್ನು ಕಣದಲ್ಲಿ ಒಣಗಿಸುವುದನ್ನೂ ತೆಂಗಿನ ಸೀಮೆಯವರಾದ ನಾವು ಮೊದಲ ಬಾರಿಗೆ ಕಂಡೆವು. ಬಿಳಿ ಹೂವಿನ ತೋಟ ನೋಡಬೇಕೆನ್ನುವವರು ಮಾರ್ಚ್–ಏಪ್ರಿಲ್‌ನ ಹೂಮಳೆಯ (ಕಾಫಿ ಗಿಡ ಹೂ ಬಿಡುವಂತೆ ಮಾಡುವ ಮಳೆ) ನಂತರ ಹೋಗಬೇಕಂತೆ. ಆ ಹೂವು ಕೆಲವೇ ದಿನ ನಿಲ್ಲುತ್ತದೆ.

ಹಿಂತಿರುಗುವಾಗ ಬೆಳಗಿನ ಮೊದಲ ಬಸ್ಸಿಗೇ ಹೊರಟು, ಸಂಜೆಯೊಳಗೆ ತುಮಕೂರು ಸೇರಿದೆವು.