ಯುಎಸ್‌ಬಿ ಆಡಿಯೋ ಬೋರ್ಡ್: ಕೇಬಲ್ ಬದಲಿಸಿದರೂ ಜೀವವಿಲ್ಲ

ಹೊಸಬೆಸುಗೆ:
ಯುಎಸ್‌ಬಿಯಿಂದ ಬರುವ ಡಿಜಿಟಲ್ ಹಾಡನ್ನು ಹೆಡ್‌ಫೋನಿನ ಅನಲಾಗ್ ಸಂಕೇತವಾಗಿಸುವ ಪಿಸಿಎಂ2704 ಚಿಪ್ ಬಳಸಿ ಹೆಡ್‌ಫೋನಿಗಾಗಿ ನಾನೇ ವಿನ್ಯಾಸ ಮಾಡಿದ ಮೊದಲ ಮಾದರಿ ಬೋರ್ಡ್ ಇದು. ಮೂರು ದಿನಗಳಿಂದ ಇದರ ಮುಂದೆ ಕುಳಿತು ತಾಳ್ಮೆ ಕಳೆದುಕೊಂಡಿದ್ದೇನೆ. ಮೇಜಿನ ಮೇಲೆ ಪರೀಕ್ಷಿಸಿದಾಗ ಹಾಡು ಸೊಗಸಾಗಿ ಕೇಳಿಸಿತು. ಅದೇ ಬೋರ್ಡನ್ನು ಲ್ಯಾಪ್‌ಟಾಪಿಗೆ ಜೋಡಿಸಿದರೆ ಕಲ್ಲಿನಂತೆ ಬಿದ್ದಿರುತ್ತದೆ. ಕೇಬಲ್ ಬದಲಿಸಿದ್ದೇನೆ, ಚಿಪ್ಪಿನ ಎಲ್ಲ ಕಾಲುಗಳನ್ನು ಭೂತಗನ್ನಡಿಯಲ್ಲಿ ನೋಡಿ ಎರಡು ಸಲ ಮರುಬೆಸುಗೆ ಮಾಡಿದ್ದೇನೆ. ಸರ್ಕ್ಯೂಟ್ ಎಲ್ಲರೂ ಮಾಡುವಂಥದ್ದೇ, ವಿಶೇಷವೇನೂ ಇಲ್ಲ. ದೋಷ ಎಲ್ಲಿರಬಹುದು?

ನೆಲತಂತಿ:
ವಿ-ಬಸ್ (ಯುಎಸ್‌ಬಿಯ 5 ವೋಲ್ಟ್ ತಂತಿ) ಮೇಲೆ ಎಷ್ಟು ಕೆಪಾಸಿಟರ್ ಹಾಕಿದ್ದೀರಿ ಎಂಬುದನ್ನು ನೀವು ಹೇಳಿಲ್ಲ. ಆಡಿಯೋ ಮಾಡುವವರೆಲ್ಲ ಅಲ್ಲೊಂದು ದೊಡ್ಡ ಡಬ್ಬಿಯನ್ನು ಕೂರಿಸದೆ ಬಿಡುವುದಿಲ್ಲ. ಯುಎಸ್‌ಬಿ ನಿಯಮದಂತೆ ಸಾಧನವನ್ನು ಚುಚ್ಚಿದ ಕ್ಷಣದಲ್ಲಿ ಪೋರ್ಟಿಗೆ ಕಾಣುವ ಕೆಪಾಸಿಟೆನ್ಸ್ 10 ಮೈಕ್ರೋಫ್ಯಾರಡ್ ಮೀರಬಾರದು. ಮೀರಿದರೆ ಆ ಮೊದಲ ಕ್ಷಣದ ಪ್ರವಾಹಕ್ಕೆ ಹೆದರಿ ಪೋರ್ಟ್ ಮುಚ್ಚಿಕೊಳ್ಳಬಹುದು.

ಹೊಸಬೆಸುಗೆ:
220 ಇತ್ತು. ತೆಗೆದು 10 ಹಾಕಿದೆ. ಯಾವ ಬದಲಾವಣೆಯೂ ಇಲ್ಲ.

ನೆಲತಂತಿ:
ವಿದ್ಯುತ್ ದಾರಿಯಲ್ಲಿ ಗದ್ದಲ ತಡೆಯುವ ಫೆರೈಟ್ ಮಣಿಯ ಆಚೆಗಿರುವ ಕೆಪಾಸಿಟರ್‌ಗಳನ್ನೂ ಕೂಡಿಸಿ. ಮಣಿ ಅವನ್ನು ಬಚ್ಚಿಡುವುದಿಲ್ಲ.

ಹನ್ನೆರಡುಮೆಗಾ:
ನನ್ನ ಅನುಮಾನ ಚಿಪ್ಪಿಗೆ ತಾಳ ಕೊಡುವ ಕ್ರಿಸ್ಟಲ್ ಮೇಲೆ. 18 ಪಿಕೋಫ್ಯಾರಡ್ ಲೋಡಿನ (ಅಷ್ಟು ಕೆಪಾಸಿಟೆನ್ಸ್ ಬಯಸುವ) ಕ್ರಿಸ್ಟಲಿಗೆ ಎರಡೂ ಕಡೆ 18ರ ಕೆಪಾಸಿಟರನ್ನೇ ಹಾಕುವುದು ಹೊಸಬರು ಮಾಡುವ ತಪ್ಪು. ಅವು ಕ್ರಿಸ್ಟಲಿಗೆ ಸರಣಿಯಲ್ಲಿ ಕಾಣುವುದರಿಂದ ಬೆಲೆ 9ಕ್ಕೆ ಇಳಿಯುತ್ತದೆ.

ನೆಲತಂತಿ:
ಫುಲ್ ಸ್ಪೀಡ್ ಯುಎಸ್‌ಬಿಯಲ್ಲಿ (ಈ ಚಿಪ್ ಬಳಸುವ ದರ) ವೇಗಕ್ಕೆ ಶೇಕಡಾ 0.25ರಷ್ಟು ಸಡಿಲಿಕೆ ಇದೆ. ನೀವು ಹೇಳುವ ತಪ್ಪಿನಿಂದ ಆವರ್ತನ ಆ ಗಡಿಯ ಹತ್ತಿರಕ್ಕೂ ಹೋಗುವುದಿಲ್ಲ.

ಹನ್ನೆರಡುಮೆಗಾ:
ಹೋಗುವುದಿಲ್ಲ, ಒಪ್ಪಿದೆ, ಆದರೆ ಆಂದೋಲನವೇ ಶುರುವಾಗದಿದ್ದರೆ? ನನ್ನ ಬೋರ್ಡಿನಲ್ಲಿ ಪ್ರತ್ಯೇಕ ಆಸಿಲೇಟರ್, ಯುಎಸ್‌ಬಿ ಐಸೊಲೇಟರ್, ಅನಲಾಗ್ ಭಾಗಕ್ಕೆ ಬೇರೆಯೇ ಲೀನಿಯರ್ ಸಪ್ಲೈ ಇವೆ. ಇಂಥ ಗೋಳನ್ನು ನಾನು ಕಂಡೇ ಇಲ್ಲ.

ಮೂಲೆಬೆಂಚು:
ಇಬ್ಬರೂ ಸ್ವಲ್ಪ ತಡೆಯಿರಿ. ಕ್ರಿಸ್ಟಲ್ ಸತ್ತಿದ್ದರೂ ವಿ-ಬಸ್‌ನಲ್ಲಿ 5 ವೋಲ್ಟ್ ಇರಲೇಬೇಕು, ಅದನ್ನು ಅಳೆದಿದ್ದೀರಾ? ವಿ-ಬಸ್‌ಗೆ ನೇರವಾಗಿ ಜೋಡಿಸಿದ ಎಲ್‌ಇಡಿ ಇದ್ದರೆ, ಚುಚ್ಚಿದಾಗ ಅದು ಒಮ್ಮೆಯಾದರೂ ಮಿನುಗುತ್ತದೆಯೇ? ‘ಮೇಜಿನ ಮೇಲೆ’ ಎಂದರೆ ಯಾವ ಪೋರ್ಟ್, ಯಾವ ಕೇಬಲ್, ಬೋರ್ಡಿನಲ್ಲಿರುವ ಕನೆಕ್ಟರ್ ಯಾವುದು?

ಹೊಸಬೆಸುಗೆ:
ಎಲ್‌ಇಡಿ ಇದೆ, ಮಿನುಗುವುದೇ ಇಲ್ಲ. ವಿ-ಬಸ್ 0 ವೋಲ್ಟ್. ಕನೆಕ್ಟರ್ ಟೈಪ್-ಸಿ, ಈಗ ಬೇರೆ ಯಾವುದನ್ನು ಹಾಕುತ್ತಾರೆ ಎಂದುಕೊಂಡು ಬರೆಯಲಿಲ್ಲ. ಮೇಜಿನ ಮೇಲೆ ಹಳೆಯ ಕಂಪ್ಯೂಟರಿನ ಟೈಪ್-ಎ ಪೋರ್ಟಿನಿಂದ ತೆಳ್ಳನೆಯ ಕೇಬಲ್ ಬಳಸಿದ್ದೆ. ಲ್ಯಾಪ್‌ಟಾಪಿಗೆ ಎರಡೂ ತುದಿ ಟೈಪ್-ಸಿ ಇರುವ ಕೇಬಲ್. ನಾನು ಬದಲಿಸಿ ನೋಡಿದ್ದೂ ಅಂಥದ್ದನ್ನೇ, ಎರಡೂ 100 ವ್ಯಾಟಿನ ಒಳ್ಳೆಯ ಕೇಬಲ್‌ಗಳು. ಸಿಸಿಗೆ (ಏನು ಜೋಡಿಸಿದೆ ಎಂದು ಪೋರ್ಟ್ ಗುರುತಿಸುವ ಕಾಲು) 5.1 ಕಿಲೋಓಮ್ ರೆಸಿಸ್ಟರ್ ಹಾಕಿದ್ದೇನೆ, ಆದ್ದರಿಂದ ದಯವಿಟ್ಟು ಅದನ್ನು ಕೇಳಬೇಡಿ.

ನೆಲತಂತಿ:
ಕಣ್ಣಿಗೆ ಕಾಣದಷ್ಟು ಬೇಗ ಪೋರ್ಟ್ ಮುಚ್ಚಿಕೊಳ್ಳುತ್ತಿರಬಹುದು. ಆಸಿಲೋಸ್ಕೋಪಿನಲ್ಲಿ ನೋಡದೆ ನನ್ನ ಮಾತನ್ನು ತಳ್ಳಿಹಾಕಬೇಡಿ.

ಮೂಲೆಬೆಂಚು:
ಕೇಳಬೇಡಿ ಎಂದದ್ದನ್ನೇ ಕೇಳುತ್ತೇನೆ. ಒಂದು ರೆಸಿಸ್ಟರೋ, ಎರಡೋ?

ಹೊಸಬೆಸುಗೆ:
ಒಂದು. ಕನೆಕ್ಟರಿನ ಎ6 ಮತ್ತು ಬಿ6 ಕಾಲುಗಳನ್ನು ಕೂಡಿಸಿದರೆ ಡೇಟಾ ತಂತಿ ಡಿ ಪ್ಲಸ್, ಎ7 ಮತ್ತು ಬಿ7 ಕೂಡಿಸಿದರೆ ಡಿ ಮೈನಸ್. ಹಾಗೆಯೇ ಸಿಸಿಯ ಎ5 ಮತ್ತು ಬಿ5 ಕೂಡಿಸಿ ನೆಲಕ್ಕೆ (ಗ್ರೌಂಡಿಗೆ) ಒಂದೇ ರೆಸಿಸ್ಟರ್ ಕೊಟ್ಟೆ. ತಪ್ಪೇ?

ಮೂಲೆಬೆಂಚು:
ತಪ್ಪು, ಮತ್ತು ಈ ತಪ್ಪಿನಲ್ಲಿ ನೀವು ಒಂಟಿಯಲ್ಲ: 2019ರಲ್ಲಿ ಬಂದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರ ಮೊದಲ ಬೋರ್ಡುಗಳಲ್ಲಿಯೂ ಇದೇ ಇತ್ತು. ಟೈಪ್-ಎ ಪೋರ್ಟ್ ಯಾರನ್ನೂ ಕೇಳದೆ 5 ವೋಲ್ಟ್ ಕೊಡುತ್ತದೆ. ಟೈಪ್-ಸಿ ಪೋರ್ಟ್ ಹಾಗಲ್ಲ. ಸಿಸಿ ತಂತಿಯಲ್ಲಿ 5.1 ಕಿಲೋಓಮ್ ಕಂಡ ಮೇಲೆಯೇ ವಿ-ಬಸ್ ತೆರೆಯುತ್ತದೆ. 100 ವ್ಯಾಟಿನ ಕೇಬಲಿನೊಳಗೆ ಗುರುತಿನ ಚಿಪ್ ಇರುತ್ತದೆ, ಅದು ಎರಡನೆಯ ಸಿಸಿ ಕಾಲಿನ ಮೇಲೆ ಸುಮಾರು 1 ಕಿಲೋಓಮ್ ತೋರಿಸುತ್ತದೆ. ನೀವು ಎರಡೂ ಕಾಲುಗಳನ್ನು ಕೂಡಿಸಿರುವುದರಿಂದ 5.1 ಮತ್ತು 1 ಸಮಾಂತರವಾಗಿ ಸೇರಿ ಸುಮಾರು 836 ಓಮ್ ಆಗುತ್ತದೆ, ಲ್ಯಾಪ್‌ಟಾಪಿಗೆ ಎರಡೂ ಸಿಸಿ ಕಾಲುಗಳಲ್ಲಿ 800ರಿಂದ 1200 ಓಮ್‌ಗಳ ನಡುವಿನ ಬೆಲೆಯೇ ಕಾಣುತ್ತದೆ. ನಿಯಮದ ಪ್ರಕಾರ ಅದು ಅನಲಾಗ್ ಹೆಡ್‌ಫೋನ್ ಅಡಾಪ್ಟರಿನ ಗುರುತು, ಅದಕ್ಕೆ ವಿದ್ಯುತ್ ಕೊಡಬೇಕಾಗಿಲ್ಲ. ಆಡಿಯೋ ಬೋರ್ಡನ್ನು ಲ್ಯಾಪ್‌ಟಾಪ್ ಆಡಿಯೋ ಸಾಧನವೆಂದೇ ತಿಳಿದು ಸುಮ್ಮನಿದೆ! ಎ5 ಮತ್ತು ಬಿ5 ನಡುವಿನ ಟ್ರೇಸ್ (ತಾಮ್ರದ ಗೆರೆ) ಕತ್ತರಿಸಿ, ಎರಡಕ್ಕೂ ಬೇರೆ ಬೇರೆ 5.1 ಕಿಲೋಓಮ್ ಹಾಕಿ.

ಹನ್ನೆರಡುಮೆಗಾ:
ಇಷ್ಟಾದರೂ ಕ್ರಿಸ್ಟಲಿನ ಕೆಪಾಸಿಟರ್ ಬೆಲೆ ಎಷ್ಟೆಂದು ಅವರು ಹೇಳಲೇ ಇಲ್ಲ.

ಹೊಸಬೆಸುಗೆ:
ಬ್ಲೇಡಿನಿಂದ ಟ್ರೇಸ್ ಕತ್ತರಿಸಿ, ಕೂದಲೆಳೆಯಂಥ ತಂತಿಯಲ್ಲಿ ಎರಡನೆಯ ರೆಸಿಸ್ಟರನ್ನು ನೇತುಹಾಕಿದೆ. ಎರಡೂ ಕೇಬಲ್‌ಗಳಲ್ಲಿ, ತಿರುಗಿಸಿ ಚುಚ್ಚಿದರೂ, ಬೋರ್ಡ್ ಎದ್ದಿತು. ಆದರೆ ಹಾಡಿನ ಮೆಲುದನಿಯ ಜಾಗಗಳಲ್ಲಿ ಸಣ್ಣಗೆ ‘ಕುಂಯ್’ ಎನ್ನುವ ದನಿ ಈಗ ಕೇಳುತ್ತಿದೆ, ಮೊದಲು ಇರಲಿಲ್ಲ.

ನೆಲತಂತಿ:
ವಿ-ಬಸ್‌ನ 220 ಮೈಕ್ರೋಫ್ಯಾರಡ್ ತೆಗೆದರೆ ಇನ್ನೇನಾಗುತ್ತದೆ?

ಹೊಸಬೆಸುಗೆ:
ತೆಗೆಯಲು ಹೇಳಿದವರು ನೀವೇ.

ಮೂಲೆಬೆಂಚು:
ಆ ದನಿ 1 ಕಿಲೋಹರ್ಟ್ಸ್ ಇರಬಹುದು; ಫುಲ್ ಸ್ಪೀಡಿನಲ್ಲಿ ಪ್ರತಿ 1 ಮಿಲಿಸೆಕೆಂಡಿಗೊಮ್ಮೆ ಡೇಟಾದ ಚೌಕಟ್ಟು (ಫ್ರೇಮ್) ಬರುತ್ತದೆ, ಚಿಪ್ಪಿನ ಪ್ರವಾಹವೂ ಅದರೊಂದಿಗೆ ಏರಿಳಿಯುತ್ತದೆ. ಹಾಡು ನಿಲ್ಲಿಸಿ ಪ್ಲೇಯರ್ ಮುಚ್ಚಿದಾಗ ದನಿಯೂ ನಿಲ್ಲುತ್ತದೆಯೇ ಎಂದು ನೋಡಿ. ಅನಲಾಗ್ ಮತ್ತು ಡಿಜಿಟಲ್ ನೆಲಗಳನ್ನು ಬೇರ್ಪಡಿಸಿದ್ದೀರಾ?

ಹೊಸಬೆಸುಗೆ:
ನಿಲ್ಲುತ್ತದೆ. ಚಾರ್ಜರ್ ಕಿತ್ತರೂ ಹಾಡುವಾಗ ಹಾಗೆಯೇ ಇದೆ. ನೆಲವನ್ನು ನಡುವೆ ಸೀಳಿ ಬೇರ್ಪಡಿಸಿದ್ದೇನೆ, ಡಿ ಪ್ಲಸ್ ಮತ್ತು ಡಿ ಮೈನಸ್ ಆ ಸೀಳನ್ನು ದಾಟಿ ಹೋಗುತ್ತವೆ. ಬೋರ್ಡಿನ ಎರಡೂ ಬದಿಯ ಚಿತ್ರಗಳನ್ನು ನಾಳೆ ಹಾಕುತ್ತೇನೆ.