ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ: ದುಬೈ ವಿಸಿಟ್ ವೀಸಾ ಆಗ್ತದಾ?

ಕಾಪು ಬೀಚ್:
ಅಮ್ಮನಿಗೆ 56 ವರ್ಷ. ಪಾಸ್‌ಪೋರ್ಟಿನಲ್ಲಿ ಗಿವನ್ ನೇಮ್ ‘ಗುಲಾಬಿ’, ಸರ್‌ನೇಮ್ ಖಾಲಿ. ದುಬೈಯಲ್ಲಿರುವ ಅಣ್ಣ 30 ದಿನದ ವೀಸಾ ಮಾಡಿಸ್ತೇನೆ ಅಂತಾನೆ. ಒಂದೇ ಹೆಸರಾದರೆ ಆಗುವುದೇ ಇಲ್ಲ, ಪಾಸ್‌ಪೋರ್ಟ್ ಬದಲಿಸಿ ಅಂತ ಇಲ್ಲಿನ ಏಜೆಂಟರು. ಇಸಿಆರ್ (ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕು ಎಂಬ ಗುರುತು) ಅಂತಲೂ ಪ್ರಿಂಟ್ ಉಂಟು. ಏನು ಮಾಡುವುದು?

ಬಜ್ಪೆ ಟಿಕೆಟಿಂಗ್:
ಬದಲಿಸಲಿಕ್ಕೆ ಓಡಬೇಡಿ. ಮೊದಲು ಪಾಸ್‌ಪೋರ್ಟಿನ ಕೊನೆಯ ಪುಟ ತೆರೆದು ನೋಡಿ, ತಂದೆಯ ಹೆಸರು ಪ್ರಿಂಟ್ ಆಗಿದೆಯಾ?

2022ರ ನವೆಂಬರಿನಲ್ಲಿ ಯುಎಇ ಈ ನಿಯಮ ತಂದಿತು. ಸರ್‌ನೇಮ್, ಗಿವನ್ ನೇಮ್ ಎರಡೂ ಸೇರಿ ಒಂದೇ ಶಬ್ದ ಇದ್ದರೆ ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ. ಕೆಲವೇ ದಿನಗಳಲ್ಲಿ ಸಡಿಲಿಕೆಯೂ ಬಂತು: ಎರಡನೇ ಪುಟದಲ್ಲಿ, ಅಂದರೆ ನಮ್ಮ ಪಾಸ್‌ಪೋರ್ಟಿನ ಕೊನೆಯಲ್ಲಿರುವ ವಿಳಾಸದ ಪುಟದಲ್ಲಿ, ತಂದೆಯ ಅಥವಾ ಮನೆತನದ ಹೆಸರು ಇದ್ದರೆ ಆಗ್ತದೆ. ಮೊದಲಿನ ಸುದ್ದಿ ಮಾತ್ರ ಊರೆಲ್ಲ ಹಬ್ಬಿದ್ದರಿಂದ ಇವತ್ತಿಗೂ ಎಷ್ಟೋ ಜನ ಸುಮ್ಮನೆ ದುಡ್ಡು ಹಾಕ್ತಾರೆ. ಯುಎಇ ರೆಸಿಡೆಂಟ್ ವೀಸಾ ಇದ್ದವರಿಗೆ ಈ ತಕರಾರೇ ಇಲ್ಲ.

ಏರ್‌ಲೈನಿನವರು ಬಿಗಿ ಮಾಡುವುದಕ್ಕೂ ಕಾರಣ ಉಂಟು. ಅಲ್ಲಿ ಪ್ರವೇಶ ಸಿಗದಿದ್ದರೆ ಪ್ರಯಾಣಿಕರನ್ನು ವಾಪಸು ತರುವ ಜವಾಬ್ದಾರಿ ಅವರ ತಲೆಗೆ ಬರುತ್ತದೆ.

ಕಾಪು ಬೀಚ್:
ಕೊನೆಯ ಪುಟದಲ್ಲಿ ‘ನಾರಾಯಣ’ ಅಂತ ಅಜ್ಜನ ಹೆಸರು ಉಂಟು. ಹಾಗಾದರೆ ಟಿಕೆಟಿನಲ್ಲಿ ‘ಗುಲಾಬಿ ನಾರಾಯಣ’ ಅಂತ ಹಾಕಬಹುದಾ?

ಬಜ್ಪೆ ಟಿಕೆಟಿಂಗ್:
ಬೇಡವೇ ಬೇಡ! ಹೆಚ್ಚಿನವರು ಎಡವುವುದು ಇಲ್ಲಿಯೇ. ತಂದೆಯ ಹೆಸರು ವೀಸಾ ಅರ್ಜಿಯಲ್ಲಿ ತಂದೆಯ ಕಾಲಮಿನಲ್ಲಿ ಮಾತ್ರ ಇರಬೇಕು. ಅಣ್ಣನಿಗೆ ಮೊದಲ ಪುಟ, ಕೊನೆಯ ಪುಟ ಎರಡನ್ನೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕಳಿಸಿ, ಬಿಳಿ ಹಿನ್ನೆಲೆಯ ಫೋಟೋ ಸಹ. ಕೊನೆಯ ಪುಟ ಕಳಿಸದಿದ್ದರೆ ಸಡಿಲಿಕೆಯ ಪ್ರಯೋಜನವೇ ಸಿಗುವುದಿಲ್ಲ.

ಟಿಕೆಟ್ ಸೈಟುಗಳು ಎರಡೂ ಕಾಲಮ್ ತುಂಬಿಸದೆ ಮುಂದೆ ಬಿಡುವುದಿಲ್ಲ, ಸರಿ. ಆದರೆ ಒಂದೇ ಹೆಸರನ್ನು ಹಾಕುವ ಕ್ರಮ ಏರ್‌ಲೈನಿಗೊಂದು ಥರ. ಬುಕ್ ಮಾಡುವ ಮೊದಲೇ ಅವರ ಕಾಲ್ ಸೆಂಟರಿನಲ್ಲಿ ಕೇಳಿಕೊಳ್ಳಿ, ಆಮೇಲೆ ಹೆಸರು ತಿದ್ದುವುದು ದೊಡ್ಡ ರಗಳೆ.

ವೀಸಾ ಪಿಡಿಎಫ್ ಬಂದ ಕೂಡಲೇ ಹೆಸರಿನ ಒಂದೊಂದು ಅಕ್ಷರ, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ ತಾಳೆ ನೋಡಿ. ಪಾಸ್‌ಪೋರ್ಟಿಗೆ ಕನಿಷ್ಠ 6 ತಿಂಗಳ ಅವಧಿ ಬಾಕಿ ಇರಬೇಕು.

ಮಲ್ಪೆ ಅಕ್ಕ:
ಇಸಿಆರ್ ಬಗ್ಗೆ ನಾನು ಹೇಳ್ತೇನೆ. ಯುಎಇ, ಸೌದಿ, ಕುವೈತ್ ಸೇರಿ 18 ದೇಶಗಳಿಗೆ *ಕೆಲಸಕ್ಕೆ* ಹೋಗುವ ಇಸಿಆರ್ ಪಾಸ್‌ಪೋರ್ಟಿನವರಿಗೆ ಮಾತ್ರ ಎಮಿಗ್ರೇಶನ್ ಕ್ಲಿಯರೆನ್ಸ್, ಅಂದರೆ ನಮ್ಮ ಸರ್ಕಾರದ ಅನುಮತಿ ಬೇಕು. ಮಗನ ಮನೆಗೆ ಹೋಗಿ ಬರುವ ಅಮ್ಮನಿಗೆ ಬೇಡ. ಆದರೆ ಇಮಿಗ್ರೇಶನ್‌ನವರು ಕೇಳಿಯೇ ಕೇಳ್ತಾರೆ. ರಿಟರ್ನ್ ಟಿಕೆಟ್, ಅಣ್ಣನ ಎಮಿರೇಟ್ಸ್ ಐಡಿ, ಬಾಡಿಗೆ ಮನೆಯ ಇಜಾರಿ (ದುಬೈಯಲ್ಲಿ ನೋಂದಾಯಿಸಿದ ಬಾಡಿಗೆ ಕರಾರು) ಪತ್ರ ಮೂರರ ಪ್ರಿಂಟನ್ನೂ ಅಮ್ಮನ ಕೈಚೀಲದಲ್ಲೇ ಇಡಿ. ಚೆಕ್-ಇನ್ ಬ್ಯಾಗಿನಲ್ಲಿ ಹಾಕಬೇಡಿ. ಮೊಬೈಲಿನಲ್ಲಿದೆ ಅಂತ ಬಿಡಬೇಡಿ ಮಾರಾಯ್ರೆ, ಪ್ರಾಯದವರು ಕೌಂಟರಿನ ಎದುರು ಫೋನು ಹುಡುಕುತ್ತಾ ಕಂಗಾಲಾಗ್ತಾರೆ. 50 ದಾಟಿದ ಕಾರಣ ಮುಂದಿನ ಸಲ ರೀಇಶ್ಯೂ ಮಾಡಿಸುವಾಗ ಇಸಿಆರ್ ತೆಗೆಸಿಬಿಡಿ.

ಕಾಪು ಬೀಚ್:
ಸರ್‌ನೇಮನ್ನೂ ಆಗಲೇ ಸೇರಿಸಬಹುದಾ?

ಮಲ್ಪೆ ಅಕ್ಕ:
ಆಗ್ತದೆ, ಆದರೆ ಈ ಪ್ರವಾಸ ಮುಗಿದ ಮೇಲೆ. ವೀಸಾ ಪಾಸ್‌ಪೋರ್ಟ್ ನಂಬರಿಗೆ ಅಂಟಿಕೊಂಡಿರ್ತದೆ. ನಂಬರ್ ಬದಲಾದರೆ ಆ ವೀಸಾ ಹೋಯ್ತು.

ಮೊದಲು ಆಧಾರ್, ಪ್ಯಾನ್ ಎರಡರಲ್ಲೂ ಹೊಸ ಹೆಸರು ಒಂದೇ ರೀತಿ ಬರಲಿ. ಆಮೇಲೆ ಪಾಸ್‌ಪೋರ್ಟ್ ಸೇವಾ ಸೈಟಿನಲ್ಲಿ ‘ರೀಇಶ್ಯೂ’ ಆರಿಸಿ, ಕಾರಣದಲ್ಲಿ ವೈಯಕ್ತಿಕ ವಿವರದ ಬದಲಾವಣೆಗೆ ಟಿಕ್ ಹಾಕಿ. 36 ಪುಟಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಗಂಡನ ಮನೆತನದ ಹೆಸರು ಸೇರಿಸುವುದಾದರೆ ಮದುವೆ ಸರ್ಟಿಫಿಕೇಟ್ ಒಯ್ಯಿರಿ. ಮಂಗಳೂರು ಸೇವಾ ಕೇಂದ್ರಕ್ಕೆ ಹಳೆ ಪಾಸ್‌ಪೋರ್ಟಿನ ಅಸಲು ಬೇಕೇ ಬೇಕು. ಪೊಲೀಸ್ ವೆರಿಫಿಕೇಶನ್ ಬರಬಹುದು, ಹಾಗಾಗಿ ಕೈಯಲ್ಲಿ ಸಮಯ ಇಟ್ಟುಕೊಂಡೇ ಹಾಕಿ.

ಬಜ್ಪೆ ಟಿಕೆಟಿಂಗ್:
ಇನ್ನೊಂದು. 30 ದಿನದ ಲೆಕ್ಕ ಅಲ್ಲಿ ಇಳಿದ ದಿನದಿಂದ. ವಿಸಿಟ್ ವೀಸಾಕ್ಕೆ ಮೊದಲಿದ್ದ 10 ದಿನದ ವಿನಾಯಿತಿ 2023ರಲ್ಲಿ ತೆಗೆದಿದ್ದಾರೆ. ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ. ರಿಟರ್ನ್ ಟಿಕೆಟನ್ನು 30ನೇ ದಿನಕ್ಕೆ ಇಡಬೇಡಿ, 27ಕ್ಕೆ ಇಡಿ.