‘ಹಳ್ಳಿ’ ಬರೆದರೆ ‘ಹಲ್ಲಿ’: ಒಂದೇ ಕೈಗೆ ಕೀಲಿಮಣೆ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ತಂದೆ ನಿವೃತ್ತ ಕನ್ನಡ ಅಧ್ಯಾಪಕರು, 68 ವರ್ಷ. ಪಾರ್ಶ್ವವಾಯು ಬಡಿದ ಮೇಲೆ ಬಲಗೈ ಏಳುವುದಿಲ್ಲ, ಎಡಗೈ ನಡುಗುತ್ತದೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ‘ನುಡಿ’ ಕೀಲಿಮಣೆ ವಿನ್ಯಾಸದಲ್ಲಿ ‘ಹಳ್ಳಿ’ ಎಂದು ಬರೆಯಲು ಹೋದರೆ ‘ಹಲ್ಲಿ’ ಬರುತ್ತದೆ. ಒಮ್ಮೆ ಒತ್ತಿದ ಅಕ್ಷರ ಮೂರು ಸಲ ಬೀಳುತ್ತದೆ. ಒಂದು ಕೈಯವರಿಗೆಂದೇ ಮಾಡಿದ ಕೀಲಿಮಣೆ ತರಿಸಬೇಕೇ? ಬೆಲೆ ಕೇಳಿ ಗಾಬರಿಯಾಗಿದೆ.

ಉತ್ತರ (ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿ): ಈಗಲೇ ತರಿಸಬೇಡಿ ಅಮ್ಮ. ‘ಳ’ ಬರಬೇಕಾದರೆ ಶಿಫ್ಟ್ ಹಿಡಿದುಕೊಂಡೇ ಎಲ್ ಒತ್ತಬೇಕು. ಣಕಾರಕ್ಕೆ, ಮಹಾಪ್ರಾಣಕ್ಕೆ, ದೀರ್ಘಕ್ಕೆ ಎಲ್ಲಕ್ಕೂ ಶಿಫ್ಟ್ ಬೇಕು. ಒಂದೇ ಕೈಯಲ್ಲಿ ಕನ್ನಡ ಬರೆಯುವವರಿಗೆ ಇದೇ ದೊಡ್ಡ ಹಿಂಸೆ. ವಿಂಡೋಸಿನಲ್ಲಿ ಶಿಫ್ಟನ್ನು ಸತತವಾಗಿ ಐದು ಸಲ ಒತ್ತಿ. ‘ಸ್ಟಿಕಿ ಕೀಸ್’ ಬೇಕೇ ಎಂದು ಕೇಳುತ್ತದೆ, ಒಪ್ಪಿಕೊಳ್ಳಿ. ಆಮೇಲೆ ಶಿಫ್ಟ್ ಒತ್ತಿ ಬಿಟ್ಟು, ನಿಧಾನವಾಗಿ ಎಲ್ ಒತ್ತಿದರೂ ‘ಳ’ ಬರಬೇಕು. ‘ಹಳ್ಳಿ’ಯನ್ನೇ ಬರೆಸಿ ನೋಡಿ.

ಅಕ್ಷರ ಮೂರು ಸಲ ಬೀಳುವ ತೊಂದರೆಗೆ, ಮೊದಲು ಹತ್ತು ನಿಮಿಷ ಅವರ ಪಕ್ಕದಲ್ಲಿ ಕೂತು ಬೆರಳನ್ನಷ್ಟೇ ಗಮನಿಸಿ. ಬೆರಳು ಕೀಲಿಯ ಮೇಲೆ ಅಂಟಿ ನಿಲ್ಲುತ್ತದೆಯೇ, ಎದ್ದು ಎದ್ದು ಬೀಳುತ್ತದೆಯೇ? ನಿಲ್ಲುವುದಾದರೆ ವಿಂಡೋಸಿನ ಕೀಲಿಮಣೆ ಸೆಟ್ಟಿಂಗ್ಸಿನಲ್ಲಿರುವ ‘ಫಿಲ್ಟರ್ ಕೀಸ್’ ಒಳಗೆ ‘ರಿಪೀಟ್ ಕೀಸ್’ ನಿಧಾನಗೊಳಿಸಿ. ಎದ್ದು ಬೀಳುವುದಾದರೆ, ಅದೇ ಕೀಲಿ ಬೇಗನೆ ಮತ್ತೆ ಬಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳದ ‘ಬೌನ್ಸ್ ಕೀಸ್’ ಹಾಕಿ, ಅರ್ಧ ಸೆಕೆಂಡಿನಿಂದ ಆರಂಭಿಸಿ. ಆಮೇಲೆ ‘ನನಗೆ’ ಎಂದು ಬರೆಸಿ. ‘ನಗೆ’ ಎಂದು ಬಂದರೆ ಅವರು ಬೇಕೆಂದೇ ಒತ್ತಿದ ಎರಡನೆಯ ‘ನ’ವನ್ನೂ ಯಂತ್ರ ನುಂಗಿದೆ. ಕಾಲಾವಧಿ ಕಡಿಮೆ ಮಾಡಿ.

ಒಂದು ಕೈಯಿಂದ ಒತ್ತುವಾಗ ಕೀಲಿಮಣೆ ಜಾರುತ್ತದೆ. ಕೆಳಗೆ ರಬ್ಬರ್ ಹಾಸು ಹಾಕಿ. ಮೊಣಕೈಗೆ ಮೇಜಿನ ಆಸರೆ ಇರಲಿ.

ಇನ್ನೊಬ್ಬರ ಪ್ರಶ್ನೆ: ತಮ್ಮನಿಗೆ ದೃಷ್ಟಿ ಕುಂದುತ್ತಿದೆ, ಪಿಯುಸಿ ಓದುತ್ತಿದ್ದಾನೆ. ದೊಡ್ಡ ಅಕ್ಷರದ ಸ್ಟಿಕ್ಕರ್ ಸಾಕೇ ಮೇಡಂ?

ಉತ್ತರ: ಸ್ಟಿಕ್ಕರ್ ಹಚ್ಚಿ, ಅದನ್ನೇ ನೆಚ್ಚಬೇಡಿ. ಮುಖವನ್ನು ಕೀಲಿಮಣೆಗೆ ತಾಗಿಸಿ ಅಕ್ಷರ ಹುಡುಕುತ್ತಾ ಕುತ್ತಿಗೆ ನೋಯಿಸಿಕೊಂಡ ಮಕ್ಕಳು ನನ್ನ ಬಳಿ ಬರುತ್ತಲೇ ಇರುತ್ತಾರೆ. ಎಫ್ ಮತ್ತು ಜೆ ಮೇಲೆ ಉಬ್ಬಿದ ಗೆರೆಯಿದೆ, ತೋರುಬೆರಳುಗಳು ಅಲ್ಲಿಂದಲೇ ಹೊರಡಲಿ. ನುಡಿಯಲ್ಲಿ ಒತ್ತಕ್ಷರ ಕೂಡಿಸುವ ಕೀಲಿಯೂ ಆ ಎಫ್ ಆಗಿರುವುದು ನಮ್ಮ ಭಾಗ್ಯ. ಎಸ್ಕೇಪ್, ಎಂಟರ್‌ನಂಥ ಮೂರ್ನಾಲ್ಕು ಕೀಲಿಗಳಿಗೆ ಮಾತ್ರ ಉಬ್ಬು ಚುಕ್ಕೆ ಅಂಟಿಸಿ. ಎಲ್ಲಕ್ಕೂ ಅಂಟಿಸಿದರೆ ಬೆರಳಿಗೆ ಗುರುತೇ ಸಿಗುವುದಿಲ್ಲ. ಪರದೆ ಓದುವ ಎನ್‌ವಿಡಿಎ ತಂತ್ರಾಂಶ ಉಚಿತ. ಅದರಲ್ಲಿ ಇನ್ಸರ್ಟ್ ಜೊತೆ 1 ಒತ್ತಿದರೆ, ಮುಂದೆ ಒತ್ತಿದ ಕೀಲಿಯ ಹೆಸರನ್ನಷ್ಟೇ ಅದು ಹೇಳುತ್ತದೆ, ಏನೂ ಬರೆಯುವುದಿಲ್ಲ. ಹೆದರದೆ ಅಭ್ಯಾಸ ಮಾಡಲಿ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ‘ಹಳ್ಳಿ’ ಬಂತು! ಅಪ್ಪ ಅದನ್ನೇ ಒಂದು ಸಾಲು ತುಂಬಾ ಬರೆದರು. ಆದರೆ ಸ್ಟಿಕಿ ಕೀಸ್ ನಡುನಡುವೆ ತಾನಾಗಿ ನಿಂತುಹೋಗುತ್ತದೆ.

ಉತ್ತರ: ಕೈ ನಡುಗಿ ಶಿಫ್ಟಿನ ಜೊತೆಗೇ ಇನ್ನೊಂದು ಕೀಲಿ ಬಿದ್ದಿರುತ್ತದೆ. ಎರಡು ಒಟ್ಟಿಗೆ ಬಿದ್ದರೆ ಅದು ಆರಿಹೋಗುವಂತೆ ಮೊದಲೇ ಹೊಂದಿಸಿರುತ್ತಾರೆ. ಸ್ಟಿಕಿ ಕೀಸ್ ಸೆಟ್ಟಿಂಗ್ಸಿನಲ್ಲಿ ಆ ಆಯ್ಕೆಯ ಗುರುತು ತೆಗೆದುಬಿಡಿ.